ನಮ್ಮ ತೀರ್ಪು ನಮಗೇ ತಿಳಿಯಬಾರದೇ?

(ಗಂಗಾವತಿಯಲ್ಲಿ ನಡೆದ ಕನ್ನಡ ಕಾರ್ಯಕರ್ತರ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)





ಸರ್ವೋಚ್ಚ ನ್ಯಾಯಾಲಯದ ತೀರ್ಪುಗಳ ಬಗ್ಗೆ ಮಾತಾಡು ಎಂದು ಗೆಳೆಯರು ಹೇಳಿದಾಗ ನನಗೆ ದೆಹಲಿ ನೆನಪಾಗಲಿಲ್ಲ. ನಮ್ಮ ದೊಡ್ಡಪ್ಪ ನೆನಪಾದ. ಎಡದಂಡೆ ಕಾಲುವೆಯ ಕೊನೆ ಭಾಗದಲ್ಲಿ ಅವನಿಗೆ ಎರಡೂವರೆ ಎಕರೆ ಗದ್ದೆ. ಪಾಲಿನ ತಕರಾರು. ಇಲ್ಲಿನ ಕೋರ್ಟು ಮುಗಿದು, ಮೇಲಿನ ಕೋರ್ಟು ಮುಗಿದು, ಕಡೆಗೆ ಧಾರವಾಡ ಪೀಠಕ್ಕೆ ಹೋಯಿತು. ಒಂದು ದಿನ ಅಂಚೆಯಲ್ಲಿ ದಪ್ಪ ಲಕೋಟೆ ಬಂತು. ಒಳಗೆ ಒಂಬತ್ತು ಹಾಳೆ, ಎಲ್ಲವೂ ಇಂಗ್ಲಿಷ್. ದೊಡ್ಡಪ್ಪ ಅದನ್ನು ತಲೆದಿಂಬಿನ ಕೆಳಗಿಟ್ಟುಕೊಂಡು ಎರಡು ದಿನ ಮಲಗಿದ. ಮೂರನೇ ದಿನ ಊರಿನ ಒಬ್ಬ ಕಾಲೇಜು ಹುಡುಗನ ಕೈಗೆ ಕೊಟ್ಟ. ಹುಡುಗ ಕೊನೆಯ ಹಾಳೆ ನೋಡಿ, "ಸೆಟ್ ಅಸೈಡ್ ಅಂತ ಬರದಾರ ನೋಡ್ರಿ ಅಜ್ಜಾರ. ಅಂದ್ರ ನಿಮ್ಮ ಕೇಸು ಬಾಜೂಕ ಇಟ್ಟಾರ" ಅಂದ.

ಕೇಸು ಬಾಜೂಕ ಇಟ್ಟರೆ ಮುಗಿಯಿತಲ್ಲ! ದೊಡ್ಡಪ್ಪ ಸುಮ್ಮನಾದ. ಗದ್ದೆಯ ಕಡೆ ಹೋಗುವುದನ್ನೇ ಬಿಟ್ಟ. ಎಂಟು ತಿಂಗಳ ಮೇಲೆ ನಾನು ಊರಿಗೆ ಹೋದಾಗ ಆ ಹಾಳೆಗಳನ್ನು ಓದಿದೆ. ಬದಿಗಿಟ್ಟದ್ದು ದೊಡ್ಡಪ್ಪನ ಕೇಸನ್ನಲ್ಲ. ಅವನಿಗೆ ವಿರುದ್ಧವಾಗಿದ್ದ ಕೆಳಗಿನ ಕೋರ್ಟಿನ ಡಿಕ್ರಿಯನ್ನು! ಡಿಕ್ರಿ ರದ್ದುಪಡಿಸಿ, ಮತ್ತೊಮ್ಮೆ ವಿಚಾರಣೆ ಮಾಡಿರಿ ಎಂದು ಕೇಸನ್ನು ಹಿಂದಕ್ಕೆ ಕಳಿಸಿದ್ದರು. ಇಂಥ ತಾರೀಖಿಗೆ ಹಾಜರಾಗತಕ್ಕದ್ದು ಎಂದೂ ಬರೆದಿತ್ತು. ಆ ತಾರೀಖು ಆರು ತಿಂಗಳ ಹಿಂದೆಯೇ ಕಳೆದುಹೋಗಿತ್ತು. ಹಾಜರಾಗದವನ ವಿರುದ್ಧ ಏಕಪಕ್ಷೀಯ ಆದೇಶವೂ ಆಗಿಹೋಗಿತ್ತು. ಅದನ್ನು ತೆಗೆಸಲು ಮತ್ತೆ ಅರ್ಜಿ, ಮತ್ತೆ ವಕಾಲತ್ತು, ಮತ್ತೆ ಒಂದೂವರೆ ವರ್ಷದ ಓಡಾಟ.

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನು ಕಲಿತ ಇಂಗ್ಲಿಷ್ ಅಷ್ಟೇ. ನಾವು ಹೊಲ ಮಾರಿ ಕಲಿಸುತ್ತಿರುವ ಇಂಗ್ಲಿಷೂ ಬಹುಮಟ್ಟಿಗೆ ಅಷ್ಟೇ. ಗೆದ್ದವನಿಗೆ ತಾನು ಗೆದ್ದದ್ದು ತಿಳಿಯದಿದ್ದರೆ ಅದು ಎಂಥ ನ್ಯಾಯದಾನ?

ಈಗ ದೆಹಲಿಗೆ ಬರೋಣ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ತೀರ್ಪನ್ನು ಒಪ್ಪದಿರುವ, ಟೀಕಿಸುವ ಹಕ್ಕು ಪ್ರತಿ ಪ್ರಜೆಗೂ ಇದೆ. ತೀರ್ಪು ಕೊಟ್ಟವರಿಗೆ ದುರುದ್ದೇಶ ಹಚ್ಚುವ ಹಕ್ಕು ಇಲ್ಲ. ನಮ್ಮ ಕೆಲವು ಗೆಳೆಯರು ಮೈಕು ಹಿಡಿದಾಗ ಈ ವ್ಯತ್ಯಾಸ ಮರೆಯುತ್ತಾರೆ. ಆಮೇಲೆ ಜಾಮೀನಿಗೆ ನಾವೇ ಓಡಬೇಕು.

ಕನ್ನಡಿಗರ ಎದೆಗೆ ಬಿದ್ದ ದೊಡ್ಡ ಪೆಟ್ಟು 2014ರ ಮೇ 6ರದು. ಅದರ ಹಿಂದಿನ ಕಥೆ ನಿಮಗೆ ನೆನಪಿರಬೇಕು. 1982ರಲ್ಲಿ ಗೋಕಾಕ್ ವರದಿಗಾಗಿ ನಾಡೇ ಎದ್ದು ನಿಂತಿತು. ಡಾ. ರಾಜ್‌ಕುಮಾರ್ ಬೀದಿಗಿಳಿದರು. ಸರ್ಕಾರ ಆದೇಶ ಹೊರಡಿಸಿತು. 1989ರಲ್ಲಿ ಉಚ್ಚ ನ್ಯಾಯಾಲಯದ ಪೂರ್ಣಪೀಠ ಆ ಆದೇಶವನ್ನು ಹೊಡೆದುಹಾಕಿತು. ಅದೇ ವರ್ಷ ಸರ್ಕಾರ ಹೊಸ ಆದೇಶ ತಂದಿತು. ಇಂಗ್ಲಿಷ್ ಮಾಧ್ಯಮದ ಪೋಷಕರ ಸಂಘ ಅದನ್ನು ಪ್ರಶ್ನಿಸಿದಾಗ 1993ರ ಡಿಸೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವೇ ಅದನ್ನು ಎತ್ತಿಹಿಡಿಯಿತು. ಆ ಧೈರ್ಯದ ಮೇಲೆ 1994ರ ಏಪ್ರಿಲ್ 29ರ ಆದೇಶ ಬಂತು. ಒಂದರಿಂದ ನಾಲ್ಕನೇ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡವೇ ಮಾಧ್ಯಮವಾಗಬೇಕು. ಖಾಸಗಿ ಶಾಲೆಗಳಿಗೂ ಇದು ಅನ್ವಯ.

ಆಮೇಲೆ ಏನಾಯಿತು? ಖಾಸಗಿ ಶಾಲೆಗಳು ನ್ಯಾಯಾಲಯದ ಮೆಟ್ಟಿಲೇರಿದವು. ಪ್ರಕರಣ ನಡೆಯುತ್ತಿರುವಾಗಲೇ ಎಷ್ಟೋ ಶಾಲೆಗಳು ಕನ್ನಡ ಮಾಧ್ಯಮಕ್ಕೆಂದು ಮಾನ್ಯತೆ ಪಡೆದು ಒಳಗೆ ಇಂಗ್ಲಿಷಿನಲ್ಲಿ ಪಾಠ ಮಾಡಿದವು. ಫಲಕ ಕನ್ನಡದ್ದು, ಪಾಠ ಇಂಗ್ಲಿಷಿನದು! ಕಣ್ಣು ಮುಚ್ಚಿ ಕುಳಿತದ್ದು ಯಾರು? ಆದೇಶ ಹೊರಡಿಸಿದ ಸರ್ಕಾರವೇ. ಹದಿನಾಲ್ಕು ವರ್ಷ ಕಳೆದ ಮೇಲೆ 2008ರ ಜುಲೈನಲ್ಲಿ ಉಚ್ಚ ನ್ಯಾಯಾಲಯದ ಪೂರ್ಣಪೀಠ, ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಆದೇಶ ಸರಿ, ಅನುದಾನರಹಿತ ಶಾಲೆಗಳ ಮೇಲೆ ಹೇರುವಂತಿಲ್ಲ ಎಂದಿತು. ಸರ್ಕಾರ ದೆಹಲಿಗೆ ಮೇಲ್ಮನವಿ ಹೋಯಿತು. 2013ರಲ್ಲಿ ವಿಷಯ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠಕ್ಕೆ ಏರಿತು.

ಮುಖ್ಯ ನ್ಯಾಯಮೂರ್ತಿ ಆರ್.ಎಂ. ಲೋಧಾ ನೇತೃತ್ವದ ಆ ಪೀಠದ ಪರವಾಗಿ ತೀರ್ಪು ಬರೆದವರು ನ್ಯಾಯಮೂರ್ತಿ ಎ.ಕೆ. ಪಟ್ನಾಯಕ್. ಐವರದೂ ಒಂದೇ ಮಾತು. ಅದನ್ನು ನಿಧಾನವಾಗಿ ನೋಡೋಣ. ಇದನ್ನು ಬೈಯುವವರು ಬಹಳ ಜನ ಇದ್ದಾರೆ, ಓದಿದವರು ಕಡಿಮೆ.

ಮೊದಲ ಪ್ರಶ್ನೆ: ಮಗುವಿನ ಮಾತೃಭಾಷೆ ಯಾವುದು? ನ್ಯಾಯಾಲಯ ಹೇಳಿತು, ಅದನ್ನು ನಿರ್ಧರಿಸುವವರು ತಂದೆತಾಯಿ ಅಥವಾ ಪೋಷಕರು. ಸರ್ಕಾರವಲ್ಲ. ಎರಡನೆಯದು: ಮಾಧ್ಯಮವನ್ನು ಆರಿಸಿಕೊಳ್ಳುವ ಹಕ್ಕು ಮಗುವಿಗಿದೆಯೇ? ಇದೆ. ಸಂವಿಧಾನದ 19ನೇ ವಿಧಿಯ ವಾಕ್ ಸ್ವಾತಂತ್ರ್ಯದಲ್ಲೇ ಅದು ಅಡಗಿದೆ, ಮಗುವಿನ ಪರವಾಗಿ ಪೋಷಕರು ಅದನ್ನು ಚಲಾಯಿಸುತ್ತಾರೆ. ಮೂರನೆಯದು: ಅನುದಾನ ಪಡೆಯದ ಶಾಲೆ ನಡೆಸುವುದು ಒಂದು ವೃತ್ತಿ, ಅದಕ್ಕೂ 19ನೇ ವಿಧಿಯ ರಕ್ಷಣೆ ಇದೆ. ಇನ್ನು 350-ಎ ವಿಧಿ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯಲು ಅನುಕೂಲ ಮಾಡಿಕೊಡಬೇಕು ಎನ್ನುತ್ತದೆ ಅದು. ಅನುಕೂಲ ಮಾಡಿಕೊಡು ಎಂದರೆ ಕಡ್ಡಾಯ ಮಾಡು ಎಂದಲ್ಲ ಎಂದಿತು ನ್ಯಾಯಾಲಯ.

ಎಲ್ಲಕ್ಕಿಂತ ನನ್ನನ್ನು ಕಾಡಿದ್ದು ಇನ್ನೊಂದು ಮಾತು. ಎಳೆಯ ಮಕ್ಕಳು ಮಾತೃಭಾಷೆಯಲ್ಲೇ ಚೆನ್ನಾಗಿ ಕಲಿಯುತ್ತಾರೆ ಎಂದು ತಜ್ಞರೆಲ್ಲ ಒಂದೇ ದನಿಯಲ್ಲಿ ಹೇಳಿದರೂ, ಅದನ್ನು ಇಂಥ ಶಾಲೆಗಳಿಗೆ ಮಾನ್ಯತೆಯ ಷರತ್ತಾಗಿ ಇಡುವಂತಿಲ್ಲ ಎಂಬ ಅರ್ಥದ ಮಾತು ಆ ತೀರ್ಪಿನಲ್ಲಿದೆ. ಅಂದರೆ ನಮ್ಮ ವಾದ ಸುಳ್ಳು ಎಂದು ಯಾರೂ ಹೇಳಲಿಲ್ಲ. ವಾದ ನಿಜವೇ ಇರಬಹುದು, ಆದರೂ ಹೇರುವ ಅಧಿಕಾರ ನಿಮಗಿಲ್ಲ ಎಂದರು. ಎಳೆಯ ಮಗುವಿನ ಕಲಿಕೆಗೂ ಪೋಷಕರ ಆಯ್ಕೆಗೂ ತಿಕ್ಕಾಟ ಬಂದಾಗ ಆಯ್ಕೆಯೇ ಗೆದ್ದಿತು. ನಾನು ಇದನ್ನು ಒಪ್ಪಲಾರೆ. ಆರು ವರ್ಷದ ಕೂಸು ಆರಿಸಿಕೊಂಡಿತು ಎಂದು ಯಾವ ಬಾಯಿಂದ ಹೇಳುವುದು? ಆರಿಸಿದ್ದು ಅಪ್ಪನ ಹೆದರಿಕೆ. ಮೇಲಿನ ಕೋರ್ಟು, ಮೇಲಿನ ಕಚೇರಿ, ಮೇಲಿನ ನೌಕರಿ ಎಲ್ಲವೂ ಇಂಗ್ಲಿಷಿನಲ್ಲಿ ಇಟ್ಟುಕೊಂಡು, ಕೆಳಗಿರುವವನಿಗೆ ನಿನ್ನ ಇಷ್ಟ ಬಂದದ್ದನ್ನು ಆರಿಸಿಕೋ ಎಂದರೆ ಅದನ್ನು ಆಯ್ಕೆ ಎನ್ನುತ್ತಾರೆಯೇ?

ಸರ್ಕಾರದ ಮರುಪರಿಶೀಲನಾ ಅರ್ಜಿಯೂ ಬಿದ್ದುಹೋಯಿತು. ಈಗ ಉಳಿದದ್ದು ಸಂವಿಧಾನ ತಿದ್ದುಪಡಿಯ ದಾರಿ. ಅದು ಸಂಸತ್ತಿನ ಕೆಲಸ. ಇಲ್ಲಿಂದ ಆರಿಸಿ ಕಳಿಸಿದವರನ್ನು ಆ ಬಗ್ಗೆ ಎಷ್ಟು ಸಲ ಕೇಳಿದ್ದೀರಿ? 2015ರಲ್ಲಿ ರಾಜ್ಯ ಕನ್ನಡ ಭಾಷಾ ಕಲಿಕೆ ಅಧಿನಿಯಮ ಮಾಡಿ, ಒಂದರಿಂದ ಹತ್ತರವರೆಗೆ ಕನ್ನಡವನ್ನು ಒಂದು ವಿಷಯವಾಗಿ ಕಡ್ಡಾಯ ಮಾಡಿತು. ಮಾಧ್ಯಮ ಹೋಯಿತು, ವಿಷಯ ಉಳಿಯಿತು. ಊಟ ಹೋಗಿ ಉಪ್ಪಿನಕಾಯಿ ಉಳಿದಂತೆ!

ಆದರೆ ಎಲ್ಲ ಪಾಪವನ್ನೂ ದೆಹಲಿಯ ತಲೆಗೆ ಕಟ್ಟುವುದು ಪ್ರಾಮಾಣಿಕತೆಯಲ್ಲ. 2014ರ ತೀರ್ಪು ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ತೆರೆಯಿರಿ ಎಂದು ಹೇಳಿರಲಿಲ್ಲ. 2019-20ರಲ್ಲಿ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ವಿಭಾಗ ತೆರೆದದ್ದು ನಮ್ಮದೇ ಸರ್ಕಾರ. ಯಾವ ನ್ಯಾಯಾಲಯವೂ ಅದರ ಕೈ ಹಿಡಿದು ಎಳೆದಿರಲಿಲ್ಲ. 2011ರ ಡಿಸೆಂಬರ್‌ನಲ್ಲಿ ಇದೇ ಗಂಗಾವತಿಯಲ್ಲಿ 78ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಸಿಪಿಕೆ ಅಧ್ಯಕ್ಷರಾಗಿದ್ದರು. ಮೆರವಣಿಗೆಯಲ್ಲಿ ನಾವೆಲ್ಲ ಕುಣಿದೆವು. ಅಂದು ಕುಣಿದವರ ಮಕ್ಕಳು, ಮೊಮ್ಮಕ್ಕಳು ಇಂದು ಯಾವ ಶಾಲೆಯ ಹಳದಿ ಬಸ್ಸು ಹತ್ತುತ್ತಿದ್ದಾರೆ? ನನ್ನ ತಮ್ಮನ ಮಗನೂ ಅದರಲ್ಲಿದ್ದಾನೆ. ಮನೆಯಲ್ಲಿ ನಾನು ಸೋತಿದ್ದೇನೆ, ಮುಚ್ಚಿಡುವುದಿಲ್ಲ.

ಈ ತೀರ್ಪಿಗೆ ಇನ್ನೊಂದು ಮುಖ ಇದೆ. ನಮ್ಮ ವೇದಿಕೆಗಳಲ್ಲಿ ಅದನ್ನು ಯಾರೂ ಹೇಳುವುದಿಲ್ಲ. ಕಾಸರಗೋಡಿನ ಕನ್ನಡಿಗ ಕೇರಳದಲ್ಲಿ ಅಲ್ಪಸಂಖ್ಯಾತ. 2017ರಲ್ಲಿ ಕೇರಳ ಮಲಯಾಳಂ ಕಲಿಕೆಯನ್ನು ಕಡ್ಡಾಯ ಮಾಡುವ ಕಾನೂನು ತಂದಾಗ ಅಲ್ಲಿನ ನಮ್ಮವರು ಬೀದಿಗೆ ಬಂದರು. ನಿನ್ನ ಮಗುವಿನ ಮಾಧ್ಯಮವನ್ನು ಸರ್ಕಾರ ನಿರ್ಧರಿಸುವಂತಿಲ್ಲ ಎಂಬ ಮಾತು ಬೆಂಗಳೂರಿನಲ್ಲಿ ನಮಗೆ ಕಹಿ. ಕಾಸರಗೋಡಿನಲ್ಲಿ ಅದೇ ಮಾತು ನಮ್ಮವರಿಗೆ ಗುರಾಣಿ. ಕಾನೂನು ಇಬ್ಬಾಯಿ ಕತ್ತಿ, ಬಂಧುಗಳೆ. ಬೀಸುವ ಮುಂಚೆ ಹಿಂದೆ ಯಾರು ನಿಂತಿದ್ದಾರೆ ಎಂದು ನೋಡಬೇಕು.

ಇದೇ ಕಾರಣಕ್ಕೆ 2025ರ ಏಪ್ರಿಲ್ 15ರ ಇನ್ನೊಂದು ತೀರ್ಪನ್ನೂ ಹೇಳುತ್ತೇನೆ. ಮಹಾರಾಷ್ಟ್ರದ ಅಕೋಲಾ ಜಿಲ್ಲೆಯ ಪಾತೂರು ಪುರಸಭೆಯ ಫಲಕದಲ್ಲಿ ಮೇಲೆ ಮರಾಠಿ, ಕೆಳಗೆ ಉರ್ದು ಇತ್ತು. ಉರ್ದು ತೆಗೆಯಿರಿ ಎಂಬ ತಕರಾರು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ನ್ಯಾಯಮೂರ್ತಿ ಸುಧಾಂಶು ಧೂಲಿಯಾ ಮತ್ತು ಕೆ. ವಿನೋದ್ ಚಂದ್ರನ್ ಅವರ ಪೀಠ ಒಪ್ಪಲಿಲ್ಲ. ಭಾಷೆ ಬೇರೆ, ಧರ್ಮ ಬೇರೆ, ಉರ್ದು ಇದೇ ನೆಲದಲ್ಲಿ ಹುಟ್ಟಿದ ಭಾಷೆ ಎಂದಿತು. ರಾಜ್ಯಭಾಷೆ ಮೇಲಿರಲಿ, ಜೊತೆಗೆ ಜನ ಬಲ್ಲ ಇನ್ನೊಂದು ಭಾಷೆ ಇದ್ದರೆ ಅಡ್ಡಿಯಿಲ್ಲ. ಕೆಲವರಿಗೆ ಈ ತೀರ್ಪು ರುಚಿಸಿಲ್ಲ. ನನಗೆ ರುಚಿಸಿದೆ. ಅಕ್ಕಲಕೋಟೆಯಲ್ಲಿ, ಜತ್ತದಲ್ಲಿ ಮರಾಠಿಯ ಕೆಳಗೆ ಕನ್ನಡ ಬೇಕು ಎಂದು ಕೇಳುವ ನಾವು ಇದನ್ನು ಬೇಡ ಎನ್ನಲು ಬರುತ್ತದೆಯೇ? ನಮ್ಮ ಸಿಟ್ಟಿಗೆ ಗುರಿಯಾಗಬೇಕಾದ್ದು ಕನ್ನಡದ ತಲೆಯ ಮೇಲೆ ಕುಳಿತ ಭಾಷೆ. ಪಕ್ಕದಲ್ಲಿ ಕುಳಿತದ್ದಲ್ಲ.

ಗಂಗಾವತಿಯವರಿಗೆ ಉರ್ದುವಿನ ವಿಷಯ ಬೇರೆಯವರು ಹೇಳಿಕೊಡಬೇಕಿಲ್ಲ. ನಿಜಾಮರ ಆಳ್ವಿಕೆಯಲ್ಲಿ ಇಲ್ಲಿ ಕಚೇರಿಯ ಭಾಷೆ, ಕೋರ್ಟಿನ ಭಾಷೆ ಅದೇ. ನಮ್ಮ ಅಜ್ಜಂದಿರು ಆ ಭಾಷೆಯ ಕಾಗದ ಹಿಡಿದು ಓದುವವನನ್ನು ಹುಡುಕುತ್ತಿದ್ದರು. 1956ರಲ್ಲಿ ಕನ್ನಡ ನಾಡು ಒಂದಾಯಿತು, ನಾವು ರಾಯಚೂರು ಜಿಲ್ಲೆಯಲ್ಲಿದ್ದೆವು, 1997ರಲ್ಲಿ ಕೊಪ್ಪಳ ಜಿಲ್ಲೆಯಾಯಿತು. ಜಿಲ್ಲೆ ಬದಲಾಯಿತು, ರಾಜ್ಯ ಬದಲಾಯಿತು, ಕಾಗದ ಹಿಡಿದು ಓದುವವನನ್ನು ಹುಡುಕುವುದು ತಪ್ಪಲಿಲ್ಲ.

ಇಲ್ಲಿ ಒಂದು ತಮಾಷೆ ನೋಡಿ. ವಕೀಲ, ವಕಾಲತ್ತು, ಅರ್ಜಿ, ದಾವೆ, ಫಿರ್ಯಾದಿ, ಜಾಮೀನು, ಜಪ್ತಿ, ಅಸಲು, ನಕಲು, ಹುಕುಂ. ಈ ಮಾತುಗಳೆಲ್ಲ ಪಾರ್ಸಿ, ಅರಬ್ಬಿ, ಉರ್ದು ದಾರಿಯಲ್ಲಿ ಬಂದವು. ಇವತ್ತು ಭತ್ತ ಕೊಯ್ಯುವ ಹೆಣ್ಣುಮಗಳಿಗೂ ಅರ್ಥವಾಗುತ್ತವೆ. ಕನ್ನಡದಲ್ಲಿ ಕಾನೂನಿನ ಶಬ್ದಗಳಿಲ್ಲ, ಕನ್ನಡದಲ್ಲಿ ತೀರ್ಪು ಬರೆಯಲಾಗದು ಎನ್ನುವ ಪಂಡಿತರಿಗೆ ಇದೇ ಉತ್ತರ. ಕೋರ್ಟು ಬಳಸಿದ ಶಬ್ದ ಜನದ ಶಬ್ದವಾಗುತ್ತದೆ. ಬಳಸದೆ ಇಟ್ಟರೆ ಯಾವ ಶಬ್ದ ತಾನೆ ಬೆಳೆದೀತು?

ಇನ್ನು ನನ್ನ ಮುಖ್ಯ ವಿಷಯ. ಶಾಲೆಯ ತೀರ್ಪಿನ ಬಗ್ಗೆ ಎಲ್ಲರೂ ಕೂಗಾಡುತ್ತೇವೆ. ತೀರ್ಪಿನ ಭಾಷೆಯ ಬಗ್ಗೆ ಕೂಗುವವರು ಕಡಿಮೆ. ಸಂವಿಧಾನದ 348ನೇ ವಿಧಿ, ಸಂಸತ್ತು ಬೇರೆ ಕಾನೂನು ಮಾಡುವವರೆಗೆ ಸರ್ವೋಚ್ಚ ಮತ್ತು ಉಚ್ಚ ನ್ಯಾಯಾಲಯಗಳ ಕಲಾಪ ಇಂಗ್ಲಿಷಿನಲ್ಲಿ ನಡೆಯಬೇಕು ಎನ್ನುತ್ತದೆ. 1970ರಲ್ಲಿ ರಾಜ್‌ನಾರಾಯಣ್ ಸರ್ವೋಚ್ಚ ನ್ಯಾಯಾಲಯದಲ್ಲಿ ಹಿಂದಿಯಲ್ಲಿ ವಾದಿಸುತ್ತೇನೆ ಎಂದು ಹಟ ಹಿಡಿದರು. ಇಂಗ್ಲಿಷಿನಲ್ಲಿ ವಾದಿಸಿ, ಇಲ್ಲವೇ ವಕೀಲರನ್ನಿಡಿ, ಇಲ್ಲವೇ ಇಂಗ್ಲಿಷಿನಲ್ಲಿ ಬರೆದುಕೊಡಿ ಎಂದಿತು ಪೀಠ. ಅವರು ಒಪ್ಪಲಿಲ್ಲ. ಮಧ್ಯಪ್ರವೇಶಕ್ಕೆ ಕೊಟ್ಟಿದ್ದ ಅನುಮತಿಯನ್ನೇ ಪೀಠ ರದ್ದುಮಾಡಿತು. ಹಿಂದಿ ನಾಯಕನಿಗೆ ಅಂದು ಆದ ಸಂಕಟ ನಮಗೆ ದಿನವೂ ಆಗುತ್ತಿದೆ.

ಆದರೆ ಅದೇ 348ನೇ ವಿಧಿಯ ಎರಡನೇ ಖಂಡದಲ್ಲಿ ಒಂದು ಕಿಂಡಿ ಇದೆ. ರಾಷ್ಟ್ರಪತಿಗಳ ಪೂರ್ವಸಮ್ಮತಿ ಪಡೆದು ರಾಜ್ಯಪಾಲರು ಉಚ್ಚ ನ್ಯಾಯಾಲಯದಲ್ಲಿ ರಾಜ್ಯದ ಭಾಷೆಗೆ ಅವಕಾಶ ಕೊಡಬಹುದು. 1963ರ ರಾಜಭಾಷಾ ಅಧಿನಿಯಮದ 7ನೇ ಪ್ರಕರಣದ ಪ್ರಕಾರ ತೀರ್ಪುಗಳನ್ನೂ ರಾಜ್ಯದ ಭಾಷೆಯಲ್ಲಿ ಬರೆಯಬಹುದು, ಜೊತೆಗೆ ಇಂಗ್ಲಿಷ್ ಅನುವಾದ ಇರಬೇಕು ಅಷ್ಟೆ. ಈ ಕಿಂಡಿಯಲ್ಲಿ ತೂರಿದವರು ಯಾರು? ರಾಜಸ್ಥಾನ 1950ರಲ್ಲಿ, ಉತ್ತರಪ್ರದೇಶ 1969ರಲ್ಲಿ, ಮಧ್ಯಪ್ರದೇಶ 1971ರಲ್ಲಿ, ಬಿಹಾರ 1972ರಲ್ಲಿ. ನಾಲ್ಕೂ ಹಿಂದಿ!

ತಮಿಳುನಾಡು, ಗುಜರಾತ್, ಛತ್ತೀಸಗಢ, ಪಶ್ಚಿಮ ಬಂಗಾಳ ಮತ್ತು ನಮ್ಮ ಕರ್ನಾಟಕವೂ ಕೇಳಿದವು. 1965ರಲ್ಲಿ ಕೇಂದ್ರದ ಸಂಪುಟ ಸಮಿತಿಯೊಂದು, ಇಂಥ ಬೇಡಿಕೆಗಳಿಗೆ ಭಾರತದ ಮುಖ್ಯ ನ್ಯಾಯಮೂರ್ತಿಗಳ ಒಪ್ಪಿಗೆಯೂ ಬೇಕು ಎಂದು ತೀರ್ಮಾನಿಸಿತ್ತು. ಸಂವಿಧಾನದಲ್ಲಿ ಇಲ್ಲದ ಬೀಗ ಅದು. ಅದರಂತೆ ಅಭಿಪ್ರಾಯ ಕೇಳಿದಾಗ, ಸರ್ವೋಚ್ಚ ನ್ಯಾಯಾಲಯದ ಎಲ್ಲ ನ್ಯಾಯಮೂರ್ತಿಗಳ ಸಭೆ ಈ ಬೇಡಿಕೆಗಳನ್ನು ಒಪ್ಪಿಲ್ಲ ಎಂದು 2012ರ ಅಕ್ಟೋಬರ್‌ನಲ್ಲಿ ಉತ್ತರ ಬಂತು. ತಮಿಳುನಾಡು ಬಿಡದೆ ಮತ್ತೆ ಕೇಳಿಸಿತು. 2016ರ ಜನವರಿಯಲ್ಲಿ ಮತ್ತೆ ಅದೇ ಉತ್ತರ. ಬಿಹಾರಿಗೆ ಆದದ್ದು ಬಂಗಾಳಿಗೆ ಏಕೆ ಆಗದು, ಜೈಪುರದಲ್ಲಿ ಕೆಡದ ನ್ಯಾಯ ಧಾರವಾಡದಲ್ಲಿ ಹೇಗೆ ಕೆಡುತ್ತದೆ ಎಂದು ನಮ್ಮ ಸಂಸದರು ಗಟ್ಟಿಯಾಗಿ ಕೇಳಬೇಕಿತ್ತು.

ದೇಶದ ಐಕ್ಯ ಕೆಡುತ್ತದೆ ಎನ್ನುವವರಿಗೆ ಎರಡು ಉದಾಹರಣೆ. ಸ್ವಿಟ್ಜರ್ಲೆಂಡಿನ ಅತ್ಯುನ್ನತ ನ್ಯಾಯಾಲಯ ಜರ್ಮನ್, ಫ್ರೆಂಚ್, ಇಟಾಲಿಯನ್ ಭಾಷೆಗಳಲ್ಲಿ ತೀರ್ಪು ಕೊಡುತ್ತದೆ. ಕೆಳಗಿನ ಕೋರ್ಟು ಯಾವ ಭಾಷೆಯಲ್ಲಿ ತೀರ್ಪು ಕೊಟ್ಟಿತ್ತೋ ಸಾಮಾನ್ಯವಾಗಿ ಮೇಲೆಯೂ ಅದೇ ಭಾಷೆ. ಯೂರೋಪು ಒಕ್ಕೂಟದ ನ್ಯಾಯಾಲಯದಲ್ಲಿ 24 ಭಾಷೆಗಳಿಗೆ ಸ್ಥಾನವಿದೆ, ಅದರಲ್ಲಿ ಮಾಲ್ಟೀಸ್ ಒಂದು. ಮಾಲ್ಟಾ ದೇಶದ ಜನಸಂಖ್ಯೆ ಸುಮಾರು ಐದು ಲಕ್ಷ! 2011ರ ಜನಗಣತಿಯಲ್ಲಿ ಕನ್ನಡ ಮಾತೃಭಾಷೆ ಎಂದವರು 4 ಕೋಟಿ 37 ಲಕ್ಷ.

ಸುಧಾರಣೆ ಏನೂ ಆಗಿಲ್ಲ ಎಂದರೆ ಸುಳ್ಳಾಗುತ್ತದೆ. 2019ರ ಜುಲೈನಿಂದ ಸರ್ವೋಚ್ಚ ನ್ಯಾಯಾಲಯ ಆಯ್ದ ತೀರ್ಪುಗಳ ಅನುವಾದವನ್ನು ಪ್ರಕಟಿಸುತ್ತಿದೆ. ಮೊದಲ ಕಂತಿನ ಭಾಷೆಗಳಲ್ಲೇ ಕನ್ನಡ ಇತ್ತು. ಒಳ್ಳೆಯದು. ಆದರೆ ಆ ಅನುವಾದದ ಅಡಿಯಲ್ಲಿ ಒಂದು ಸೂಚನೆ ಇರುತ್ತದೆ. ಇದು ಕಕ್ಷಿದಾರ ತಿಳಿದುಕೊಳ್ಳುವುದಕ್ಕೆ ಮಾತ್ರ, ಇಂಗ್ಲಿಷಿನದೇ ಅಧಿಕೃತ ಎಂದು. ಕನ್ನಡದ ತೀರ್ಪು ನೋಡಲಿಕ್ಕೆ, ಇಂಗ್ಲಿಷಿನದು ನಡೆಯಲಿಕ್ಕೆ. 2024ರ ಡಿಸೆಂಬರ್‌ನಲ್ಲಿ ನಮ್ಮ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಮತ್ತು ಸಿ.ಎಂ. ಜೋಶಿ ಅವರ ಪೀಠ ಕನ್ನಡದಲ್ಲಿ ತೀರ್ಪು ಕೊಟ್ಟಿತು. ಆಕಾಶ ಕಳಚಿ ಬೀಳಲಿಲ್ಲ. ಬೇಕಿರುವುದು ಅಲ್ಲೊಂದು ಇಲ್ಲೊಂದು ತೀರ್ಪಲ್ಲ, ಪರಿಪಾಠ.

ಇದು ಬರೀ ಅಭಿಮಾನದ ಮಾತಲ್ಲ. ನಮ್ಮ ತಾಲೂಕಿನ ಮರಕುಂಬಿಯನ್ನು ನೆನೆಯಿರಿ. 2014ರ ಆಗಸ್ಟಿನಲ್ಲಿ ದಲಿತರ ಮನೆಗಳ ಮೇಲೆ ದಾಳಿ ನಡೆಯಿತು. ಹತ್ತು ವರ್ಷದ ಮೇಲೆ, 2024ರ ಅಕ್ಟೋಬರ್‌ನಲ್ಲಿ ಕೊಪ್ಪಳದ ಸೆಷನ್ಸ್ ನ್ಯಾಯಾಲಯ 101 ಜನರನ್ನು ಅಪರಾಧಿಗಳೆಂದು ಸಾರಿತು. 98 ಜನರಿಗೆ ಜೀವಾವಧಿ. ಇಂಥ ಪ್ರಕರಣ ಕೊಪ್ಪಳದಲ್ಲಿ ಮುಗಿಯುವುದಿಲ್ಲ, ಮೇಲ್ಮನವಿ ಧಾರವಾಡ ಪೀಠಕ್ಕೆ, ಮುಂದೆ ಬೇಕಾದರೆ ದೆಹಲಿಗೆ. ಹೊಡೆತ ತಿಂದ ಕೇರಿಯ ಮುದುಕಿಗೆ ತನಗೆ ಸಿಕ್ಕ ನ್ಯಾಯ ಉಳಿಯಿತೋ ಅಳಿಯಿತೋ ಎಂದು ತಿಳಿಯಬೇಕು. ಜೈಲಿಗೆ ಹೋದವನ ಹೆಂಡತಿಗೂ ತಿಳಿಯಬೇಕು. ಒಂದೇ ಊರಿನ ಎರಡೂ ಕಡೆಯವರು ತಮ್ಮ ಬದುಕಿನ ತೀರ್ಪನ್ನು ಮೂರನೆಯವನ ಬಾಯಿಂದ ಕೇಳಬೇಕೇ? ಆ ಮೂರನೆಯವನು ಹಾಳೆ ನೋಡಿ ಬಾಜೂಕ ಇಟ್ಟಾರ ಎಂದುಬಿಟ್ಟರೆ?

ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡಿನಲ್ಲಿ ಅಶೋಕನ ಶಾಸನಗಳಿವೆ. ಚಕ್ರವರ್ತಿಯ ಹುಕುಂ ಪ್ರಾಕೃತದಲ್ಲಿದೆ. ಇಲ್ಲಿನ ದನಗಾಹಿಗಳಿಗೆ ಅಂದು ಅದೆಷ್ಟು ತಿಳಿಯಿತೋ! ರೋಗ ಹಳೆಯದು ಅಂದ ಹಾಗಾಯಿತು.

ದೆಹಲಿ ಬದಲಾಗುವವರೆಗೆ ಕೈಕಟ್ಟಿ ಕೂರಬೇಕಿಲ್ಲ. ಇವತ್ತೇ, ಇಲ್ಲೇ ಕೇಳಬಹುದಾದ ಹಕ್ಕುಗಳಿವೆ. ಕೆಳ ನ್ಯಾಯಾಲಯಗಳ ಭಾಷೆ ಯಾವುದು ಎಂದು ನಿರ್ಧರಿಸುವುದು ರಾಜ್ಯ ಸರ್ಕಾರ. ಸಿವಿಲ್ ಪ್ರಕ್ರಿಯಾ ಸಂಹಿತೆಯ 137ನೇ ಪ್ರಕರಣ ಅದನ್ನು ಹೇಳುತ್ತದೆ. ಅದರಲ್ಲೇ ಇನ್ನೊಂದು ಮಾತಿದೆ: ಕಾಗದಪತ್ರ ಇಂಗ್ಲಿಷಿನಲ್ಲಿದ್ದು, ಕಕ್ಷಿದಾರನಿಗೋ ಅವನ ವಕೀಲನಿಗೋ ಇಂಗ್ಲಿಷ್ ಬಾರದಿದ್ದರೆ, ಕೇಳಿದಾಗ ನ್ಯಾಯಾಲಯದ ಭಾಷೆಗೆ ಅನುವಾದ ಒದಗಿಸಬೇಕು. ಖರ್ಚು ಯಾರದೆಂದು ನ್ಯಾಯಾಲಯ ಹೇಳುತ್ತದೆ. ಕ್ರಿಮಿನಲ್ ಪ್ರಕರಣದಲ್ಲಿ ಇನ್ನೂ ಬಲವಾದ ಹಕ್ಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 404ನೇ ಪ್ರಕರಣ ನೋಡಿ, ಹಳೆಯ ಕಾನೂನಿನಲ್ಲಿ ಅದು 363 ಆಗಿತ್ತು. ಆರೋಪಿ ಅರ್ಜಿ ಕೊಟ್ಟು ಕೇಳಿದರೆ, ಸಾಧ್ಯವಿದ್ದಲ್ಲಿ ಅವನದೇ ಭಾಷೆಯಲ್ಲಿ, ಇಲ್ಲವೇ ನ್ಯಾಯಾಲಯದ ಭಾಷೆಯಲ್ಲಿ ತೀರ್ಪಿನ ಅನುವಾದವನ್ನು ತಡಮಾಡದೆ ಕೊಡಬೇಕು. ಆ ತೀರ್ಪಿನ ಮೇಲೆ ಅವನು ಮೇಲ್ಮನವಿ ಹೋಗಬಹುದಾದರೆ ಅದು ಉಚಿತ. ಈ ಅರ್ಜಿಯನ್ನು ನೀವು ಎಂದಾದರೂ ಕೊಟ್ಟಿದ್ದೀರಾ? ಯಾರಾದರೂ ಕೊಟ್ಟದ್ದನ್ನು ಕೇಳಿದ್ದೀರಾ? ಕೇಳದ ಹಕ್ಕು ಪುಸ್ತಕದಲ್ಲೇ ಮಲಗಿರುತ್ತದೆ.

ವಕೀಲ ಮಿತ್ರರಿಗೂ ಒಂದು ವಿನಂತಿ. ಕಕ್ಷಿದಾರನ ಜೊತೆ ಕನ್ನಡದಲ್ಲಿ ಮಾತಾಡಿ, ಅವನ ಕಥೆ ಕನ್ನಡದಲ್ಲಿ ಕೇಳಿ, ಸಂಜೆ ಕುಳಿತು ಅದನ್ನು ಇಂಗ್ಲಿಷಿಗೆ ತಿರುಗಿಸಿ ದಾವೆ ಬರೆಯುತ್ತೀರಲ್ಲ, ಆ ಎರಡನೇ ದುಡಿಮೆ ಯಾರಿಗಾಗಿ? ನ್ಯಾಯಾಧೀಶರೂ ಕನ್ನಡ ಬಲ್ಲವರು, ಎದುರು ವಕೀಲರೂ ಕನ್ನಡ ಬಲ್ಲವರು. ಕನ್ನಡದಲ್ಲಿ ಬರೆದರೆ ಫೀಸು ಕಡಿಮೆಯಾಗುತ್ತದೆ ಎಂಬ ಅಂಜಿಕೆ ಇದ್ದರೆ ಅದನ್ನು ಬಾಯಿಬಿಟ್ಟು ಹೇಳಿ. ಅಷ್ಟೇ ಫೀಸು ಕೊಡಲು ನಾವು ಸಿದ್ಧ.

ನಾವು ನಾಲ್ಕು ಜನ ಗೆಳೆಯರು ಒಂದು ಸಣ್ಣ ಕೆಲಸ ಹಿಡಿದಿದ್ದೇವೆ. ನಮ್ಮಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು, ಇಬ್ಬರು ವಕೀಲರು. ಪ್ರತಿ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಕೂಡುತ್ತೇವೆ. ಜಾಗ ಈ ಪತ್ರಿಕೆ ಹಂಚುವ ಹುಡುಗರಿಗೆ ಗೊತ್ತು. ನಿಮ್ಮ ಮನೆಯಲ್ಲಿ ಇಂಗ್ಲಿಷಿನ ಕೋರ್ಟು ಕಾಗದ ಇದ್ದರೆ ತನ್ನಿ, ಓದಿ ಕನ್ನಡದಲ್ಲಿ ಬರೆದುಕೊಡುತ್ತೇವೆ. ಮುಂದಿನ ತಾರೀಖು ಎಂದಿದೆ ಎಂಬುದನ್ನು ಮೊದಲ ಸಾಲಿನಲ್ಲೇ ದಪ್ಪ ಅಕ್ಷರದಲ್ಲಿ ಬರೆಯುತ್ತೇವೆ. ದುಡ್ಡು ಬೇಡ. ಜೆರಾಕ್ಸ್ ಪ್ರತಿ ಮಾತ್ರ ತನ್ನಿ, ಅಸಲು ಮನೆಯಲ್ಲೇ ಇರಲಿ.